ಶಾಯಿ ಸುರಿದು ಮುಖ ಮಾಡುವುದು: ಮಾರ್ಲೀನ್ ಡ್ಯೂಮಾ ಚಿತ್ರಗಳಲ್ಲಿ ಎಲ್ಲ ಹರಡಿದರೂ ಮುಖ ಉಳಿಯುವುದು ಹೇಗೆ?

ಒದ್ದೆಹಾಳೆ:

ಶಾಯಿಯಲ್ಲಿ ಮುಖ ಬರೆಯುವವರು ಇಲ್ಲಿ ಕೆಲವರಾದರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಪ್ರಶ್ನೆ ಸ್ವಲ್ಪ ಉದ್ದ ಇದೆ.

ಮಾರ್ಲೀನ್ ಡ್ಯೂಮಾ ಅವರ ಶಾಯಿ ಚಿತ್ರಗಳು ನನ್ನನ್ನು ತುಂಬ ದಿನದಿಂದ ಹಿಡಿದುಕೊಂಡಿವೆ. ಅವರು 1953ರಲ್ಲಿ ಕೇಪ್‌ಟೌನ್‌ನಲ್ಲಿ ಹುಟ್ಟಿದವರು, 1976ರಲ್ಲಿ ನೆದರ್‌ಲ್ಯಾಂಡ್ಸ್‌ಗೆ ಹೋದರು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದ್ದಾರೆ. ಜಾಸ್ತಿ ಹೆಸರಾಗಿರುವುದು ಎಣ್ಣೆಬಣ್ಣದ ಚಿತ್ರಗಳಿಂದ. ನಾನು ಕೇಳುತ್ತಿರುವುದು ಮಾತ್ರ ಕಾಗದದ ಮೇಲಿನ ಶಾಯಿ ಮುಖಗಳ ಬಗ್ಗೆ. 1994ರ ‘ಮಾಡೆಲ್ಸ್’ ನೋಡಿ. 100 ಹೆಂಗಸರ ಮುಖಗಳು, ಒಂದರ ಪಕ್ಕ ಒಂದು, ಗೋಡೆ ತುಂಬ. ಕೆಲವು ಮುಖಗಳಲ್ಲಿ ಗೆರೆ ಅಂತ ಹೇಳುವಂಥದ್ದೇ ಕಡಿಮೆ. ಕೆನ್ನೆ ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ, ಕೂದಲು ಹಾಗೇ ಹಿನ್ನೆಲೆಗೆ ಹರಿದುಹೋಗಿರುತ್ತದೆ, ಬಾಯಿ ಒಂದು ಕಪ್ಪು ಮಚ್ಚೆ ಅಷ್ಟೆ. ಆದರೂ ಅಲ್ಲಿ ಒಬ್ಬ ಮನುಷ್ಯ ಇದ್ದಾನೆ ಅನ್ನುವುದರಲ್ಲಿ ಅನುಮಾನವೇ ಬರುವುದಿಲ್ಲ. ನಮ್ಮನ್ನೇ ನೋಡುತ್ತಿರುತ್ತಾರೆ.

ನಾನು ಮಾಡುತ್ತಿರುವುದು ಇಷ್ಟು. 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣದ ಹಾಳೆ, ಬಾಟಲಿಯಲ್ಲಿ ಬರುವ ವಾಟರ್‌ಪ್ರೂಫ್ ಇಂಡಿಯನ್ ಇಂಕ್. ಹಾಳೆಯನ್ನು ಪೂರ್ತಿ ಒದ್ದೆ ಮಾಡಿ, ನೀರು ಬೆರೆಸಿದ ಶಾಯಿ ಸುರಿದು, ಹಲಗೆಯನ್ನು ಆ ಕಡೆ ಈ ಕಡೆ ವಾಲಿಸುತ್ತೇನೆ. ಒಂದೋ ಎಲ್ಲ ಒಂದೇ ಬೂದು ಬಣ್ಣವಾಗಿ ಮುಖವೇ ಮಾಯವಾಗುತ್ತದೆ, ಇಲ್ಲವೇ ಸ್ವಲ್ಪ ಒಣಗಿದ ಮೇಲೆ ಕಣ್ಣು ಇಟ್ಟರೆ ಅದರ ಸುತ್ತ ಹೂಕೋಸಿನಂಥ ಅಂಚು ಎದ್ದುಬಿಡುತ್ತದೆ.

ನನಗೆ ಗೊತ್ತಾಗಬೇಕಿರುವುದು: ಕಣ್ಣು, ಬಾಯಿ ಯಾವ ಹಂತದಲ್ಲಿ ಬರಬೇಕು? ಶಾಯಿ ಎಷ್ಟು ತೆಳು ಇರಬೇಕು? ಬೆಳಕಿನ ಜಾಗಕ್ಕೆ ಬ್ಲೀಚ್ ಹಾಕುವವರನ್ನು ವಿಡಿಯೋಗಳಲ್ಲಿ ನೋಡಿದ್ದೇನೆ, ಅದು ಬೇಕಾ? ಇನ್ನೊಂದು, ಇದು ಸ್ವಲ್ಪ ಅಳುಕಿನಿಂದಲೇ ಕೇಳುವುದು: ಇದೆಲ್ಲ ಆಕಸ್ಮಿಕವಾಗಿ ಆಗಿದ್ದರಲ್ಲಿ ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳುವುದು ಮಾತ್ರನಾ, ಅಥವಾ ಅವರ ಕೈಗೆ ನಿಜವಾಗಿ ಗೊತ್ತಿರುತ್ತದಾ?

ಕಾಡಿಗೆಕಡ್ಡಿ:

ಒಳ್ಳೆ ಪ್ರಶ್ನೆ. ಕೊನೆಯದಕ್ಕೆ ಬೇರೆ ಯಾರಾದರೂ ಉತ್ತರ ಕೊಡುತ್ತಾರೆ, ನಾನು ನೀರಿನ ಬಗ್ಗೆ ಹೇಳುತ್ತೇನೆ. ನಿಮ್ಮ ಹಾಳೆಯ ಮೇಲೆ ನಡೆಯುತ್ತಿರುವುದೆಲ್ಲ ನೀರಿನ ವಿಷಯವೇ.

ಹಾಳೆ ಪೂರ್ತಿ ಒದ್ದೆಯಾಗಿದ್ದರೆ ಶಾಯಿಗೆ ಎಲ್ಲಿ ನಿಲ್ಲಬೇಕು ಅಂತ ಹೇಳುವವರೇ ಇಲ್ಲ. ಒಣ ಹಾಳೆಯ ಮೇಲೆ ಒದ್ದೆ ಜಾಗ ಎಲ್ಲಿ ಮುಗಿಯುತ್ತದೋ ಅಲ್ಲೇ ಶಾಯಿಯೂ ನಿಲ್ಲುತ್ತದೆ. ಅಂದರೆ ನೀವು ಮೊದಲು ಬರೆಯಬೇಕಾದದ್ದು ಶಾಯಿಯಲ್ಲಲ್ಲ, ಬರೀ ನೀರಿನಲ್ಲಿ. ಶುದ್ಧ ನೀರು ಅದ್ದಿದ ದೊಡ್ಡ ಬ್ರಷ್ ತಗೊಂಡು ತಲೆಯ ಆಕಾರವನ್ನು ನೀರಿನಲ್ಲೇ ಹಾಕಿ. ಮೂಗಿನ ಮೇಲಿನ ಬೆಳಕು, ಒಂದು ಕೆನ್ನೆಮೂಳೆ, ಹಣೆಯ ಒಂದು ತುಂಡು, ಇವನ್ನು ಒಣಗಿದ ಹಾಗೇ ಬಿಟ್ಟುಬಿಡಿ. ಆಮೇಲೆ ತೆಳು ಶಾಯಿ ಬಿಡಿ. ಬಿಟ್ಟ ಜಾಗದ ಸುತ್ತ ಅದು ಹೋಗುತ್ತದೆ, ಒಳಗೆ ಹೋಗುವುದಿಲ್ಲ. ಡ್ಯೂಮಾ ಹಾಳೆಯನ್ನು ನೆಲದ ಮೇಲೆ ಹಾಸಿ, ಶಾಯಿ ಮತ್ತು ನೀರನ್ನು ಸುರಿದು, ಬ್ರಷ್‌ನಲ್ಲಿ ಅದರ ಹಿಂದೆ ಹೋಗುವ ರೀತಿ ಕೆಲಸ ಮಾಡುತ್ತಾರೆ. ಸುರಿಯುವುದು ಎದ್ದು ಕಾಣುತ್ತದೆ ನಿಜ. ಆದರೆ ಸುರಿಯುವ ಮೊದಲು ಏನು ನಿರ್ಧಾರವಾಗಿದೆ ಅನ್ನುವುದರ ಮೇಲೆ ಮುಕ್ಕಾಲು ಚಿತ್ರ ನಿಂತಿರುತ್ತದೆ ಅನ್ನುವುದು ನನ್ನ ಬಲವಾದ ನಂಬಿಕೆ.

ಇಂಥ ಮುಖಗಳ ಹೊರ ಅಂಚನ್ನು ಹತ್ತಿರದಿಂದ ಗಮನಿಸಿ. ಒಳಗೆ ತೆಳು ಬೂದು, ಅಂಚಿನಲ್ಲಿ ಮಾತ್ರ ಸಣ್ಣ ಕಪ್ಪು ಗೆರೆ. ಅದನ್ನು ಯಾರೂ ಬ್ರಷ್‌ನಲ್ಲಿ ಎಳೆದಿರುವುದಿಲ್ಲ. ನಿಂತ ನೀರಿನ ಅಂಚು ಕಾಗದಕ್ಕೆ ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆರಿದ್ದನ್ನು ತುಂಬಲು ಮಧ್ಯದಿಂದ ನೀರು ಹೊರಗೆ ಹರಿಯುತ್ತದೆ, ಬರುವಾಗ ಮಸಿಯ ಕಣಗಳನ್ನೂ ಎಳೆದುಕೊಂಡು ಬಂದು ಅಂಚಿನಲ್ಲಿ ಬಿಡುತ್ತದೆ. ಒಣಗಿದ ಕಾಫಿ ಹನಿಯ ಸುತ್ತ ಬಳೆ ಮೂಡುವುದೂ ಇದೇ ಕಾರಣಕ್ಕೆ. ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದ್ದರು. ನಿಮಗೆ ಇದರಿಂದ ಏನು ಲಾಭ ಅಂದರೆ, ದವಡೆಯ ಗೆರೆ ಬೇಕಾದರೆ ಅಲ್ಲಿ ನೀರು ನಿಂತು ತಾನಾಗಿ ಒಣಗುವ ಹಾಗೆ ಮಾಡಿ, ಸಾಕು. ಅಂಚು ಮೆತ್ತಗೆ ಕರಗಿಹೋಗಬೇಕಾದ ಕಡೆ, ಉದಾಹರಣೆಗೆ ಕೂದಲಿನ ಹತ್ತಿರ, ಒಣಗುವ ಮೊದಲೇ ಒದ್ದೆ ಬ್ರಷ್‌ನಿಂದ ಅಂಚನ್ನು ಒಡೆದುಬಿಡಿ.

ಇನ್ನು ಕಣ್ಣು. ಹಾಳೆ ಒಣಗುವಾಗ ಪಕ್ಕದಿಂದ ಬೆಳಕು ಬೀಳುವ ಹಾಗೆ ಬಗ್ಗಿ ನೋಡುತ್ತಿರಿ. ಮೊದಲು ನೀರು ನಿಂತಿರುತ್ತದೆ. ಆಮೇಲೆ ನೀರು ಇಂಗಿ ಬರೀ ಹೊಳಪು ಇರುತ್ತದೆ. ಆಮೇಲೆ ಹೊಳಪು ಹೋಗಿ ಮಂಕಾಗುತ್ತದೆ, ಆದರೆ ಕೈಹಿಂಭಾಗ ತಾಗಿಸಿದರೆ ಇನ್ನೂ ತಣ್ಣಗಿರುತ್ತದೆ. ಕಣ್ಣಿಗೆ ಬೇಕಾದದ್ದು ಈ ಹಂತ, ಹೊಳಪು ಹೋದ ತಕ್ಷಣದ ಹೊತ್ತು. ಆಗ ಬ್ರಷ್‌ನಲ್ಲಿ ನೀರು ಕಡಿಮೆ, ಶಾಯಿ ಗಟ್ಟಿ ಇರಬೇಕು. ಇಟ್ಟ ಜಾಗದಲ್ಲೇ ಕೂತು ಅಂಚು ಮಾತ್ರ ಸ್ವಲ್ಪ ಹಬ್ಬುತ್ತದೆ. ನಿಮಗೆ ಹೂಕೋಸು ಬರುತ್ತಿರುವುದು ಬ್ರಷ್‌ನಲ್ಲಿ ಹಾಳೆಗಿಂತ ಜಾಸ್ತಿ ನೀರಿರುವುದರಿಂದ. ಹೆಚ್ಚುವರಿ ನೀರು ಹೊರಗೆ ನುಗ್ಗಿ, ಆಗಲೇ ಕೂರುತ್ತಿದ್ದ ಕಣಗಳನ್ನು ತಳ್ಳಿಕೊಂಡು ಹೋಗುತ್ತದೆ. ತಡವಾಗಿ ಇಡುವ ಗುರುತು ಅಷ್ಟೂ ಗಟ್ಟಿಯಾಗಿರಬೇಕು, ಇದೊಂದು ನೆನಪಿಟ್ಟುಕೊಳ್ಳಿ.

ಹಲಗೆ ವಾಲಿಸುವುದನ್ನು ಈಗಲೇ ಬಿಡಿ. ವಾಲಿಸಿದಷ್ಟೂ ಎಲ್ಲ ಒಂದೇ ಸಮ ಆಗುತ್ತದೆ.

ಅರಗುಡಬ್ಬಿ:

ಮೇಲಿನದಕ್ಕೆ ಸಾಮಾನಿನ ಬಗ್ಗೆ ಸೇರಿಸುತ್ತೇನೆ.

ವಾಟರ್‌ಪ್ರೂಫ್ ಇಂಡಿಯನ್ ಇಂಕ್ ಅಂದರೆ ಮಸಿಯ ಕಣ, ಅದನ್ನು ಕಾಗದಕ್ಕೆ ಅಂಟಿಸಲು ಸಾಮಾನ್ಯವಾಗಿ ಅರಗು, ಈಗೀಗ ಕೆಲವದರಲ್ಲಿ ಅಕ್ರಿಲಿಕ್. ಒಣಗಿದ ಮೇಲೆ ಏಳುವುದಿಲ್ಲ. ಅದು ಅನುಕೂಲ ಕೂಡ ಹೌದು, ಏಕೆಂದರೆ ಒಂದು ಪದರ ಪೂರ್ತಿ ಒಣಗಿಸಿ ಅದರ ಮೇಲೆ ಇನ್ನೊಂದು ತೆಳು ಪದರ ಸುರಿದರೆ ಕೆಳಗಿನ ಮುಖ ಅಲುಗುವುದಿಲ್ಲ. ತೊಂದರೆ ಬರುವುದು ತುಂಬ ನೀರು ಬೆರೆಸಿದಾಗ. ಗಡಸು ನೀರಿನಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡು ತರಿತರಿಯಾಗಿ ಕೂರುತ್ತವೆ. ಭಟ್ಟಿ ಇಳಿಸಿದ ನೀರು ಬಳಸಿ ನೋಡಿ, ಬೂದು ಎಷ್ಟು ನಯವಾಗಿ ಬರುತ್ತದೆ ಅಂತ. ಕೆಲವರಿಗೆ ಆ ತರಿಯೇ ಇಷ್ಟ, ಚರ್ಮದ ಒರಟುತನ ಬೇಕಾದಾಗ ನನಗೂ ಇಷ್ಟವೇ, ಆದರೆ ಅದು ಬೇಕು ಅಂತ ಬಂದಿರಬೇಕು.

ಚೀನಾ, ಜಪಾನಿನ ಶಾಯಿಕಡ್ಡಿ ಬೇರೆ ಜಾತಿ. ಮಸಿ ಮತ್ತು ಪ್ರಾಣಿಜನ್ಯ ಅಂಟು ಕಲಸಿ ಒಣಗಿಸಿ ಮಾಡಿದ್ದು, ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ಎಣ್ಣೆ ಉರಿಸಿದ ಮಸಿಯಾದರೆ ಕಪ್ಪು ಸ್ವಲ್ಪ ಕಂದಿನ ಕಡೆ, ಪೈನ್ ಮರ ಸುಟ್ಟ ಮಸಿಯಾದರೆ ನೀಲಿಯ ಕಡೆ. ಎಷ್ಟು ಗಟ್ಟಿ ಬೇಕು ಅನ್ನುವುದು ತೇಯುವ ಹೊತ್ತಿನಲ್ಲೇ ನಿಮ್ಮ ಕೈಯಲ್ಲಿರುತ್ತದೆ. ಮುಖಕ್ಕೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ.

ಕಾಗದದಲ್ಲಿ ಜಿಎಸ್‌ಎಂ ನೋಡಿ ಕೊಳ್ಳುವವರೇ ಜಾಸ್ತಿ. ಈ ಕೆಲಸಕ್ಕೆ ಅದಕ್ಕಿಂತ ಮುಖ್ಯ ಸೈಜಿಂಗ್, ಅಂದರೆ ಕಾಗದ ನೀರನ್ನು ತಕ್ಷಣ ಹೀರದ ಹಾಗೆ ಜಿಲಾಟಿನ್ ಅಥವಾ ಪಿಷ್ಟದಂಥದ್ದು ಬೆರೆಸಿರುವುದು ಅಥವಾ ಬಳಿದಿರುವುದು. ಸೈಜಿಂಗ್ ಚೆನ್ನಾಗಿದ್ದರೆ ನೀರು ಮೇಲೆ ನಿಲ್ಲುತ್ತದೆ, ಕಾಡಿಗೆಕಡ್ಡಿ ಹೇಳಿದ ಕಪ್ಪು ಅಂಚು ಮೂಡುತ್ತದೆ, ಯೋಚನೆ ಮಾಡಲು ಸಮಯವೂ ಸಿಗುತ್ತದೆ. ಇಲ್ಲದಿದ್ದರೆ ಸುರಿದ ಕ್ಷಣದಲ್ಲೇ ಇಂಗಿ ಮುಗಿಯಿತು. ಚೀನಾದ ಶ್ವಾನ್ ಕಾಗದದಲ್ಲಿ ಎರಡೂ ಬಗೆ ಇವೆ, ಹಸಿಯದ್ದು ಮತ್ತು ಪಟಿಕ ಹಾಕಿ ಹದ ಮಾಡಿದ್ದು. ಹಸಿಯದ್ದರಲ್ಲಿ ಒಂದು ಹನಿ ಬಿಟ್ಟರೂ ಹಬ್ಬುತ್ತಲೇ ಹೋಗುತ್ತದೆ. ಹಳೆಯ ಹಾಳೆಗಳಲ್ಲಿ ಸೈಜಿಂಗ್ ಅಲ್ಲಲ್ಲಿ ಹೋಗಿರುತ್ತದೆ, ಆಗ ಯಾರ ಕೈಯಲ್ಲಾದರೂ ಮುಖದ ಮೇಲೆ ಚುಕ್ಕೆ ಏಳುವುದೇ. ಮತ್ತೆ ಹಾಳೆಯನ್ನು ಹಲಗೆಗೆ ಬಿಗಿಯಾಗಿ ಟೇಪ್ ಮಾಡಿ. ಉಬ್ಬಿದರೆ ತಗ್ಗಿನಲ್ಲಿ ನೀರು ಸೇರಿ, ನೀವು ಇಟ್ಟ ನೆರಳು ಬೇರೆ ಕಡೆ ಹೋಗಿ ಕೂರುತ್ತದೆ.

ಬ್ಲೀಚ್ ಬೇಡ. ಮಸಿ ಅಂದರೆ ಇಂಗಾಲ, ಅದರ ಮೇಲೆ ಬ್ಲೀಚ್ ಏನೂ ಮಾಡುವುದಿಲ್ಲ. ವಿಡಿಯೋದಲ್ಲಿ ಬಿಳಿಯಾಗುವುದು ಫೌಂಟನ್ ಪೆನ್ನಿನ ಡೈ ಶಾಯಿ, ಅಂದರೆ ಮಸಿಯ ಕಣವಿಲ್ಲದೆ ನೀರಿನಲ್ಲಿ ಕರಗಿದ ಬಣ್ಣ, ಅದರಲ್ಲಿ ಬಹಳಷ್ಟು ಬೆಳಕಿಗೇ ಮಾಸಿಹೋಗುತ್ತವೆ. ಬ್ಲೀಚ್ ಕಾಗದದ ನಾರನ್ನೂ ತಿನ್ನುತ್ತದೆ, ಆ ಜಾಗ ಮುಂದೆ ಹಳದಿಯಾಗಿ ಪುಡಿಯಾಗುತ್ತದೆ. ಇನ್ನೂ ಮುಖ್ಯವಾದದ್ದು, ಅರಗಿನ ಶಾಯಿ ಕೆಲವದರಲ್ಲಿ ಅಮೋನಿಯ ಇರುತ್ತದೆ. ಬ್ಲೀಚ್ ಮತ್ತು ಅಮೋನಿಯ ಸೇರಿದರೆ ವಿಷಗಾಳಿ ಬರುತ್ತದೆ. ವಿನೆಗರ್‌ನಂಥ ಆಮ್ಲದ ಜೊತೆ ಸೇರಿದರೆ ಕ್ಲೋರಿನ್. ಮುಚ್ಚಿದ ಕೋಣೆಯಲ್ಲಿ ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಬೆಳಕು ಬೇಕಾದ ಕಡೆ ಹಾಳೆಯ ಬಿಳಿಯನ್ನು ಮೊದಲೇ ಉಳಿಸಿಕೊಳ್ಳಿ.

ತಿರಸ್ಕೃತ_ಹಾಳೆ:

ಮೇಲಿನ ಇಬ್ಬರೂ ಹೇಳಿದ್ದು ಸರಿಯೇ, ಆದರೆ ಓದುತ್ತಾ ಹೋದ ಹಾಗೆ ಮಾತೆಲ್ಲ ನೀರು ಅಂಟಿನಲ್ಲೇ ಮುಗಿದುಹೋಗುತ್ತಿದೆ ಅನಿಸಿತು. ಅದೇ ಹಾಳೆ, ಅದೇ ಶಾಯಿ, ಅದೇ ಹದ ಕೊಟ್ಟರೂ ಎಲ್ಲರಿಗೂ ಡ್ಯೂಮಾ ಮಾಡುವ ಮುಖ ಬರುವುದಿಲ್ಲ, ಅಲ್ವಾ?

ಅವರು ಎದುರಿಗೆ ಯಾರನ್ನೋ ಕೂರಿಸಿಕೊಂಡು ಬರೆಯುವವರಲ್ಲ. ಫೋಟೋ ನೋಡಿ ಬರೆಯುತ್ತಾರೆ. ಪತ್ರಿಕೆಯಿಂದ ಕತ್ತರಿಸಿದ್ದು, ತಾವೇ ತೆಗೆದ ಪೋಲರಾಯ್ಡ್, ಎಲ್ಲಿಂದಲೋ ಸಿಕ್ಕಿದ್ದು, ಇಂಥವನ್ನು ವರ್ಷಗಟ್ಟಲೆ ಕೂಡಿಡುತ್ತಾ ಬಂದಿದ್ದಾರೆ. ಮುಖವನ್ನು ತೀರ ಹತ್ತಿರಕ್ಕೆ ತರುತ್ತಾರೆ, ಹಾಳೆ ತುಂಬ ಮುಖವೇ. ಭುಜ, ಬಟ್ಟೆ, ಕೋಣೆ ಇವಕ್ಕೆ ಜಾಗವೇ ಇರುವುದಿಲ್ಲ. ಅಷ್ಟು ಹತ್ತಿರ ಬಂದ ಮುಖದಲ್ಲಿ ಕೆನ್ನೆ ಹರಡಿಹೋದರೂ ನೋಡುವವರು ಕಣ್ಣನ್ನು ಬಿಟ್ಟು ಆಚೆ ಹೋಗುವುದಿಲ್ಲ. ನೀವು ಸುರಿಯುವ ಮೊದಲು ಫೋಟೋ ಯಾವುದು ಅಂತ ಕೂಡ ಯೋಚಿಸಿ. ಮೆತ್ತಗಿನ ಬೆಳಕಿನಲ್ಲಿ ತೆಗೆದ, ನೂರು ಛಾಯೆ ಇರುವ ಫೋಟೋ ಈ ಕೆಲಸಕ್ಕೆ ಹಿಡಿಸುವುದಿಲ್ಲ. ಫ್ಲಾಷ್ ಹೊಡೆದು ಬಿಳಿ, ಕಪ್ಪು ಎರಡೇ ಉಳಿದಿರುವಂಥದ್ದು ತಗೊಳ್ಳಿ.

‘ಬ್ಲ್ಯಾಕ್ ಡ್ರಾಯಿಂಗ್ಸ್’ ನೋಡಿದ್ದೀರಾ? 1991-92ರದ್ದು. 111 ಶಾಯಿ ಚಿತ್ರಗಳು, ಜೊತೆಗೆ ಒಂದು ಸ್ಲೇಟು. ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್‌ನಲ್ಲಿರುವ ಡಿ ಪಾಂಟ್ ಮ್ಯೂಸಿಯಂನಲ್ಲಿದೆ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಮನೆಯಲ್ಲಿ ಬೆಳೆದ ಒಬ್ಬಾಕೆ ಕಪ್ಪು ಜನರ ಮುಖಗಳನ್ನು ಕಪ್ಪು ಶಾಯಿಯಲ್ಲಿ, ಒಂದಾದ ಮೇಲೊಂದು ಬರೆಯುತ್ತಾ ಹೋಗಿದ್ದಾರೆ. ಕಪ್ಪು ಅಂತ ಒಂದೇ ಪಟ್ಟಿ ಹಚ್ಚಿ ಮನುಷ್ಯರನ್ನು ಬೇರೆ ಮಾಡಿಟ್ಟ ದೇಶ ಅದು. ಇಲ್ಲಿ ಒಂದೇ ಶಾಯಿಯಿಂದ ಎಷ್ಟು ಬಗೆಯ ಕಪ್ಪು ಬಂದಿದೆ ನೋಡಿ, ಒಂದು ಮುಖದ ಕಪ್ಪು ಇನ್ನೊಂದರಲ್ಲಿ ಇಲ್ಲ. ಶಾಯಿ ತೆಳುವಾಗುವುದು, ಗಟ್ಟಿಯಾಗುವುದು, ಹರಡುವುದು, ಎಲ್ಲಕ್ಕೂ ಅಲ್ಲಿ ಅರ್ಥ ಬಂದುಬಿಡುತ್ತದೆ. ನನಗೆ ಅವರ ಶಾಯಿ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ‘ಮಾಡೆಲ್ಸ್’ ಮಾಡುವಾಗ ಅದರಲ್ಲಿ ಸೇರಿಸದೆ ಬಿಟ್ಟ ಹಾಳೆಗಳನ್ನು ಡ್ಯೂಮಾ ಎಸೆಯಲಿಲ್ಲ. ಅವೇ ‘ರಿಜೆಕ್ಟ್ಸ್’ ಅನ್ನುವ ಇನ್ನೊಂದು ಸರಣಿಯಾದವು, ಅದು 1994ರಿಂದ ಬೆಳೆಯುತ್ತಾ ಬಂದಿದೆ. ಕೆಲವದರಲ್ಲಿ ಕಣ್ಣಿನ ಜಾಗವನ್ನು ಕತ್ತರಿಸಿ ತೆಗೆದು ಕೆಳಗೆ ಇನ್ನೊಂದು ಮುಖ ಇಟ್ಟಿದ್ದಾರೆ, ಒಬ್ಬರ ಮುಖದೊಳಗಿಂದ ಇನ್ನೊಬ್ಬರು ನೋಡುತ್ತಾರೆ. ಹಾಗಾಗಿ ಆರಿಸುವುದು ಸುಮ್ನೆ ಅದೃಷ್ಟದ ಆಟ ಅಲ್ಲ. ಯಾವ ಹಾಳೆ ಇನ್ನೂ ಮುಗಿದಿಲ್ಲ, ಯಾವುದಕ್ಕೆ ಇನ್ನೊಂದು ಹಾಳೆ ಬೇಕು ಅಂತ ಕಂಡುಹಿಡಿಯುವುದು ಬರೆಯುವುದರಷ್ಟೇ ದೊಡ್ಡ ಕೆಲಸ.

ಲಿಯಾಂಗ್‌_ಅಭಿಮಾನಿ:

ಚಿಕ್ಕ ಮಾತು. ಶಾಯಿ ಎರಚಿ ಮನುಷ್ಯನನ್ನು ಮಾಡುವುದು ಹೊಸದೇನಲ್ಲ. ಚೀನಾದ ದಕ್ಷಿಣ ಸಾಂಗ್ ರಾಜವಂಶದ ಕಾಲದ ಚಿತ್ರಕಾರ ಲಿಯಾಂಗ್ ಕೈ 13ನೇ ಶತಮಾನದಲ್ಲೇ ಮಾಡಿದ ‘ಎರಚು ಶಾಯಿಯ ಅಮರ’ ಚಿತ್ರ ತೈಪೆಯ ಅರಮನೆ ಮ್ಯೂಸಿಯಂನಲ್ಲಿದೆ. ಬಟ್ಟೆ ಇಡೀ ಕೆಲವೇ ಅಗಲವಾದ ಒದ್ದೆ ಹೊಡೆತಗಳು. ಕಣ್ಣು, ಮೂಗು, ಬಾಯಿ ಮಾತ್ರ ಸಣ್ಣ ಒಣ ಗೆರೆಯಲ್ಲಿ, ಎಲ್ಲ ಒಂದೇ ಕಡೆ ಒತ್ತಿಕೊಂಡಿವೆ. ಎಷ್ಟು ಬಿಡಬೇಕು, ಎಲ್ಲಿ ಹಿಡಿಯಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. ಡ್ಯೂಮಾ ಜೊತೆಗೆ ಇದನ್ನೂ ಇಟ್ಟುಕೊಂಡು ನೋಡಿ.

ಕಾಡಿಗೆಕಡ್ಡಿ:

@ತಿರಸ್ಕೃತ_ಹಾಳೆ, ‘ಬ್ಲ್ಯಾಕ್ ಡ್ರಾಯಿಂಗ್ಸ್’ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆರಿಸುವುದೇ ಅರ್ಧ ಕೆಲಸ ಅನ್ನುವುದನ್ನು ಮಾತ್ರ ಪೂರ್ತಿ ಒಪ್ಪಲಾರೆ, ಏಕೆಂದರೆ ‘ಗ್ರೇಟ್ ಮೆನ್’ ಇದೆ.

ಗೊತ್ತಿಲ್ಲದವರಿಗೆ: ರಷ್ಯಾ 2013ರಲ್ಲಿ ಸಲಿಂಗಪ್ರೇಮದ ಬಗ್ಗೆ ಮಕ್ಕಳಿಗೆ ತಲುಪುವ ಹಾಗೆ ಮಾತಾಡುವುದನ್ನು ನಿಷೇಧಿಸುವ ಕಾನೂನು ತಂದಿತು. ಮರುವರ್ಷ ‘ಮ್ಯಾನಿಫೆಸ್ಟಾ 10’ ಅನ್ನುವ ಸಮಕಾಲೀನ ಕಲಾ ಪ್ರದರ್ಶನ ಅಲ್ಲಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆಯಿತು. ಡ್ಯೂಮಾ ಅಲ್ಲಿಗೆ ಅಲನ್ ಟ್ಯೂರಿಂಗ್, ಚೈಕೋವ್‌ಸ್ಕಿ, ಆಸ್ಕರ್ ವೈಲ್ಡ್, ಜೇಮ್ಸ್ ಬಾಲ್ಡ್‌ವಿನ್ ಇಂಥ, ಗಂಡಸರನ್ನು ಪ್ರೀತಿಸಿದ ಹೆಸರಾಂತರ ಶಾಯಿ ಮುಖಗಳನ್ನು ಮಾಡಿ ತೂಗುಹಾಕಿದರು. ಒಂದೊಂದು ಹಾಳೆ 44 ಸೆಂ.ಮೀ. ಎತ್ತರ, 35 ಸೆಂ.ಮೀ. ಅಗಲ. ಕೆಳಗೆ ಪೆನ್ಸಿಲ್‌ನಲ್ಲಿ ಆ ವ್ಯಕ್ತಿಯ ಬಗ್ಗೆ ಕೆಲವು ಸಾಲು, ಡ್ಯೂಮಾ ಅವರದೇ ಕೈಬರಹ.

ಇಲ್ಲಿ ಹೋಲಿಕೆ ತಪ್ಪುವ ಹಾಗಿಲ್ಲ. ನೋಡಿದವರಿಗೆ ಇವರು ಟ್ಯೂರಿಂಗ್ ಅಂತ ಗೊತ್ತಾಗಲೇಬೇಕು, ಇಲ್ಲದಿದ್ದರೆ ಆ ಊರಿನಲ್ಲಿ ಆ ಮುಖ ತೂಗುಹಾಕಿದ್ದಕ್ಕೆ ಅರ್ಥವೇ ಇರುವುದಿಲ್ಲ. ಆದರೂ ಶಾಯಿಯನ್ನು ಅವರು ಬಿಗಿ ಮಾಡಿಲ್ಲ. ಕೆನ್ನೆ, ಕತ್ತು ಹರಿಯಲು ಬಿಟ್ಟಿದ್ದಾರೆ. ಕೂದಲಿನ ಬೈತಲೆ, ಹುಬ್ಬಿನ ಓರೆ, ತುಟಿಯ ತುದಿ, ಇಂಥ ಕೆಲವು ಕಡೆ ಮಾತ್ರ ಗಟ್ಟಿಯಾಗಿ ಹಿಡಿದಿದ್ದಾರೆ. ಅದು ಕೈಗೆ ಗೊತ್ತಿಲ್ಲದೆ ಬರುವಂಥದ್ದಲ್ಲ.

ಒದ್ದೆಹಾಳೆಯವರೇ, ನಿಮಗೆ ನಾನು ಕೊಡುವ ಅಭ್ಯಾಸ ಇದು. ಫೋಟೋ ಎದುರಿಗಿಟ್ಟುಕೊಂಡು, ಯಾವ ಮೂರು ಜಾಗ ಅಳಿಸಿದರೆ ಇದು ಬೇರೆಯವರ ಮುಖ ಆಗಿಬಿಡುತ್ತದೆ ಅಂತ ಮೊದಲು ಕೇಳಿಕೊಳ್ಳಿ. ಒಬ್ಬರಿಗೆ ಅದು ರೆಪ್ಪೆಯ ಭಾರ, ಇನ್ನೊಬ್ಬರಿಗೆ ಮೂಗಿನ ಕೆಳಗಿನ ಅಂತರ, ಮತ್ತೊಬ್ಬರಿಗೆ ಕಣ್ಣೇ ಅಲ್ಲ, ಕಿವಿ. ಆ ಮೂರನ್ನು ಹೊಳಪು ಹೋದ ಹೊತ್ತಿಗೆ ಗಟ್ಟಿ ಶಾಯಿಯಲ್ಲಿ ಇಡಿ. ಉಳಿದದ್ದನ್ನು ನೀರಿಗೆ ಬಿಡಿ, ಮತ್ತೆ ಅಲ್ಲಿಗೆ ಕೈ ಹಾಕಬೇಡಿ.

ಒದ್ದೆಹಾಳೆ:

ಎಲ್ಲರಿಗೂ ತುಂಬ ಧನ್ಯವಾದ. ನೀರಿನಲ್ಲೇ ಮೊದಲು ಆಕಾರ ಹಾಕಿ ಮಾಡಿ ನೋಡಿದೆ. ವ್ಯತ್ಯಾಸ ತಕ್ಷಣ ಗೊತ್ತಾಯಿತು, ಮೂಗಿನ ಬಿಳಿ ಹಾಗೇ ಉಳಿಯಿತು, ದವಡೆಯ ಕಡೆ ಆ ಸಣ್ಣ ಕಪ್ಪು ಅಂಚೂ ಬಂತು. ಮೂರು ಜಾಗದ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ, ಈಗ ಯಾರ ಮುಖ ನೋಡಿದರೂ ಅದನ್ನೇ ಹುಡುಕುತ್ತೇನೆ.

ಇನ್ನೆರಡು ಕೇಳಲಾ? ಕಣ್ಣಿನ ಕಪ್ಪು ಬೇಡದ ಕಡೆ ಹಬ್ಬಿದರೆ ಟಿಶ್ಯೂನಿಂದ ಎತ್ತಬಹುದಾ? ಮತ್ತೆ ಒದ್ದೆಯಿದ್ದಾಗ ಸರಿ ಕಂಡ ಬೂದು ಒಣಗಿದ ಮೇಲೆ ಸಪ್ಪೆಯಾಗುತ್ತಿದೆ, ಇದಕ್ಕೇನು ಮಾಡುವುದು?

ಅರಗುಡಬ್ಬಿ:

ಎತ್ತಬಹುದು, ಆದರೆ ಕ್ಷಣಗಳಲ್ಲಿ. ಸೈಜಿಂಗ್ ಇರುವ ಹಾಳೆಯಾದರೆ ಟಿಶ್ಯೂವನ್ನು ಮೇಲಿನಿಂದ ನೇರ ಒತ್ತಿ ತೆಗೆಯಿರಿ, ಉಜ್ಜಬೇಡಿ. ಅರಗು ಹಿಡಿದ ಮೇಲೆ ಆಗುವುದಿಲ್ಲ. ಆಗ ಅದನ್ನು ಬಿಟ್ಟು, ಪಕ್ಕದ ಜಾಗವನ್ನು ಒಂದು ತೆಳು ಪದರದಿಂದ ಸ್ವಲ್ಪ ಕಪ್ಪು ಮಾಡಿದರೆ ಹಬ್ಬಿದ್ದು ನೆರಳಾಗಿ ಸೇರಿಕೊಳ್ಳುತ್ತದೆ.

ಒಣಗಿದರೆ ಬೂದು ತಿಳಿಯಾಗುವುದು ಸಹಜ, ಎಲ್ಲರಿಗೂ ಆಗುತ್ತದೆ. ಮೂರು ಬಟ್ಟಲಿನಲ್ಲಿ ತೆಳು, ನಡು, ಗಟ್ಟಿ ಅಂತ ಬೆರೆಸಿಟ್ಟುಕೊಳ್ಳಿ. ಅದೇ ಕಾಗದದ ಪಟ್ಟಿಯ ಮೇಲೆ ಮೂರನ್ನೂ ಬಳಿದು, ಪೂರ್ತಿ ಒಣಗಿಸಿ, ಅದನ್ನು ಪಕ್ಕದಲ್ಲಿಟ್ಟುಕೊಂಡೇ ಸುರಿಯಲು ಕೂತುಕೊಳ್ಳಿ. ಕಣ್ಣು ಒದ್ದೆ ಹಾಳೆಯನ್ನು ನಂಬಬಾರದು, ಪಟ್ಟಿಯನ್ನು ನಂಬಬೇಕು. ಬೇಗ ಒಣಗಲಿ ಅಂತ ಹೇರ್‌ಡ್ರೈಯರ್ ಹಿಡಿಯಬೇಡಿ. ಗಾಳಿ ನಿಂತ ನೀರನ್ನು ತಳ್ಳುತ್ತದೆ, ಈಗಷ್ಟೇ ನಿಮಗೆ ಸಿಕ್ಕಿರುವ ದವಡೆಯ ಅಂಚು ಮೊದಲು ಹೋಗುವುದೇ ಅದರಿಂದ.